ಟ್ರೇಲರ್ ತುಂಬಿ ಬಂದ ದಿನ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಊರ ಸುದ್ದಿಯ ಚಟ. ನನಗಿರುವುದು ಅಳೆಯುವ ಚಟ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಬೋಲ್ಟುಗಳ ದಪ್ಪ ಅಳೆದು ಪಾಸು, ಫೇಲು ಎಂದು ಬರೆದವನು ನಾನು. "ಹೆಣ್ಣು ನೋಡೋಕೆ ಬಂದೋರು ನನ್ನ ನೋಡ್ಲೇ ಇಲ್ಲ, ನಮ್ಮನೆ ಬಾಗಿಲ ಚೌಕಟ್ಟು ಓರೆಯಾಗಿರೋದನ್ನೇ ನೋಡ್ತಾ ಕೂತಿದ್ರು" ಎಂದು ನನ್ನ ಹೆಂಡತಿ ಶಾರದೆ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಇದು ಅಪವಾದ. ಅವಳನ್ನೂ ನೋಡಿದ್ದೆ. ಚೌಕಟ್ಟು ಓರೆಯಾಗಿದ್ದದ್ದು ಮಾತ್ರ ನಿಜ.

ಇಂಥ ನಾನು ಹೋದ ವರ್ಷ ಕೆಲಸ ಬಿಟ್ಟು ಮರ ಸವರುವ ವ್ಯವಹಾರಕ್ಕೆ ಇಳಿದೆ. ಒಣಗಿದ ಕೊಂಬೆ ತೆಗೆಯುವುದು, ತಂತಿಗೆ ತಾಗುವ ರೆಂಬೆ ಕತ್ತರಿಸುವುದು, ಹುಳು ಬಿದ್ದ ಮರಕ್ಕೆ ಮದ್ದು ಹಾಕುವುದು. ನನಗೆ ಏಣಿ ಹತ್ತಿದರೂ ತಲೆ ಸುತ್ತುತ್ತದೆ. ಅದಕ್ಕಾಗಿ ಉದ್ದನಪಲ್ಲಿಯ ಮುನಿರಾಜಣ್ಣನನ್ನು ಪಾಲುದಾರನಾಗಿ ಸೇರಿಸಿಕೊಂಡೆ. ಅರವತ್ತರ ಹತ್ತಿರದ ಮನುಷ್ಯ, ಮರದ ಮೇಲೆ ಅಳಿಲಿಗಿಂತ ಸಲೀಸಾಗಿ ಓಡಾಡುತ್ತಾನೆ. ಅವನು ಹತ್ತುವುದು, ನಾನು ಗಾಡಿ ನೋಡಿಕೊಳ್ಳುವುದು ಎಂದು ಮಾತಾಯಿತು.

ಅವನು ಅಂದೇ ಹತ್ತಿದ. ನನಗೆ ಗಾಡಿ ನೋಡಲು ನಾಲ್ಕು ತಿಂಗಳು ಬೇಕಾಯಿತು. ಪಿಕಪ್ ಸಾಕೇ, ಟ್ರ್ಯಾಕ್ಟರ್ ಬೇಕೇ, ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿದರೆ ಹೇಗೆ, ಕಟ್ಟುವ ಹುಕ್ಕು ನೆಲದಿಂದ ಎಷ್ಟು ಎತ್ತರವಿರಬೇಕು, ಹಸಿ ಕೊಂಬೆಯ ತೂಕವೆಷ್ಟು, ಒಣಗಿದರೆ ಎಷ್ಟು ಇಳಿಯುತ್ತದೆ. ನೋಟ್ ಪುಸ್ತಕ ತುಂಬಿತು. ಕೃಷ್ಣಗಿರಿ ರಸ್ತೆಯ ಟ್ರೇಲರ್ ವರ್ಕ್‌ಶಾಪಿನಲ್ಲಿ ನಾನು ಹುಕ್ಕಿನ ಪಿನ್ನಿಗೆ ವರ್ನಿಯರ್ ಹಿಡಿದು ಅಳೆಯುತ್ತಿದ್ದಾಗ ಯಜಮಾನ ಸ್ವಲ್ಪ ಹೊತ್ತು ನೋಡಿ, "ಸಾರ್, ಇದು ವಂಡಿ ಸಾರ್, ವಾಚ್ ಇಲ್ಲೆ" ಎಂದು ತಮಿಳು ಬೆರೆಸಿ ಹೇಳಿದ, ಇದು ಗಾಡಿ, ಗಡಿಯಾರವಲ್ಲ ಅಂತ. ನಾನು ಬೇಸರಪಟ್ಟುಕೊಳ್ಳಲಿಲ್ಲ. ಪಿನ್ನು ಕೂದಲೆಳೆಯಷ್ಟು ಸಡಿಲವಿತ್ತು. ಬದಲಾಯಿಸಿಕೊಂಡೇ ಬಂದೆ.

ಕೊನೆಗೆ ಪಿಕಪ್ಪು, ಅದರ ಹಿಂದೆ ಟ್ರೇಲರ್ ಬಂತು. ಎಲ್ಲ ಅಳೆದಿದ್ದ ನಾನು ಮೂಕಂಡಪಲ್ಲಿಯ ನಮ್ಮ ಬೀದಿಯ ಅಗಲವನ್ನು ಅಳೆದಿರಲಿಲ್ಲ. ಅದು ನಿಂತ ಮೇಲೆ ನಮ್ಮ ಬಾಗಿಲ ಮುಂದೆ ಉಳಿದದ್ದು ಒಂದು ಚಪ್ಪಲಿ ಬಿಡುವಷ್ಟು ಜಾಗ. ಎದುರುಮನೆಯ ತಮಿಳರ ರಂಗೋಲಿ, ಅವರ ಮಾತಲ್ಲಿ ಕೋಲ, ಬೀದಿಯ ಉದ್ದಕ್ಕೂ ಅರಳಿದ್ದರೆ ಶಾರದೆಯ ರಂಗೋಲಿ ಅಂಗೈಯಗಲಕ್ಕೆ ಇಳಿದಿತ್ತು. ಮೂರು ದಿನ ಅಷ್ಟರಲ್ಲೇ ಸುಧಾರಿಸಿದಳು. ನಾಲ್ಕನೆಯ ದಿನ ಹೇಳಿದಳು: "ನಾಳೆ ನಿಮ್ಮ ಮೊದಲನೇ ದೊಡ್ಡ ಕೆಲಸ ಅಲ್ವಾ? ಇದು ತುಂಬಿ ಬಂದ್ರೆ ಇಲ್ಲಿರ್ಲಿ. ಖಾಲಿ ಬಂದ್ರೆ ಈ ಬಾಗ್ಲಲ್ಲಿ ನಿಲ್ಲಂಗಿಲ್ಲ. ಅಲ್ಲೇ ಯಾರಿಗಾದ್ರೂ ಕೊಟ್ಬುಟ್ಟು ಬನ್ನಿ." ನಾನು ನಕ್ಕೆ. ಒಂದು ಅತ್ತಿಮರ, ಎರಡು ಹಲಸು. ನನ್ನ ಲೆಕ್ಕದಲ್ಲಿ ಟ್ರೇಲರ್ ಎರಡು ಸಲ ತುಂಬಬೇಕಿತ್ತು.

ಕೆಲಸವಿದ್ದದ್ದು ಉದ್ದನಪಲ್ಲಿಯ ಒಂದು ಕಲ್ಯಾಣ ಮಂಟಪದ ಹಿತ್ತಲಲ್ಲಿ. ಮುನಿರಾಜಣ್ಣ ಮೊದಲ ಕೊಂಬೆ ಕೆಳಗೆ ಬಿಟ್ಟ. ಟ್ರೇಲರನ್ನು ಹಿಂದಕ್ಕೆ ತರುವುದು ಸುಲಭದ ಮಾತಲ್ಲ, ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಮೂತಿ ತಿರುಗಿಸುತ್ತದೆ. ಆರು ಸಲ ಹಿಂದೆ ಮುಂದೆ ಮಾಡಿ, ಬೆವರು ಒರೆಸಿಕೊಂಡು ಇಳಿದು ನೋಡುತ್ತೇನೆ, ಕೊಂಬೆ ಇಲ್ಲ. ಎಲೆಯೂ ಇಲ್ಲ. ಹತ್ತು ಹನ್ನೆರಡು ಹೆಂಗಸರು ಸೊಪ್ಪನ್ನು ಹೊರೆ ಕಟ್ಟಿ ಮುಗಿಸಿದ್ದರು. ದಪ್ಪ ಕೊಂಬೆಗಳನ್ನು ಮಂಟಪದ ಅಡುಗೆಯವರು ಒಲೆಗೆಂದು ಒಳಗೆ ಎಳೆದುಕೊಂಡಿದ್ದರು. ಉಳಿದ ಪುಳ್ಳೆಯನ್ನೂ ಒಬ್ಬಳು ಆರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂರೂ ಮರ ಮುಗಿಯಿತು, ಹಿತ್ತಲು ಗುಡಿಸಿದಂತಿತ್ತು, ನನ್ನ ಟ್ರೇಲರಿನಲ್ಲಿ ನನ್ನ ನೀರಿನ ಬಾಟಲಿ ಮಾತ್ರ ಇತ್ತು.

"ಏನಣ್ಣ ಇದು?" ಎಂದೆ.

"ಆಡಿಗೆ ಅತ್ತಿ ಸೊಪ್ಪು, ಹಲಸಿನ ಸೊಪ್ಪು ಅಂದ್ರೆ ಪ್ರಾಣ ಸಾ. ನಮ್ ಕಡೆ ಮರ ಕಡುದ್ರೆ ಒಂದೆಲೆನೂ ನೆಲದ್ ಮೇಲೆ ಉಳಿಯಾಕಿಲ್ಲ."

"ನಾಲ್ಕು ತಿಂಗಳು ಗಾಡಿ ಹುಡುಕಿದೆನಲ್ಲ, ಆಗ ಯಾಕೆ ಹೇಳಲಿಲ್ಲ?"

"ಯಾವ್ ಗಾಡಿ ತಗಳ್ಳಿ ಅಂತ ಕೇಳಿದ್ರಿ. ಸೊಪ್ಪು ಎಲ್ಲೋಯ್ತದೆ ಅಂತ ಕೇಳ್ಲಿಲ್ವಲ್ಲ ಸಾ" ಎಂದು ಅವನು ಹಗ್ಗ ಸುತ್ತತೊಡಗಿದ.

ಅಳು ಬರುವಂತಾಯಿತು ಎನ್ನಲು ನಾಚಿಕೆಯೇನಿಲ್ಲ. ಆಗ ಹೊರೆ ಹೊತ್ತು ನಿಂತಿದ್ದ ಚಿನ್ನಕ್ಕ ಎಂಬ ಮುದುಕಿ, "ಗಾಡಿ ಖಾಲಿ ಅದಲ್ಲಪ್ಪ, ಈ ಹೊರೆ ಅಷ್ಟ್ ದೂರ ಹಾಕ್ಕೊಡ್ತೀಯಾ?" ಎಂದಳು. ಹಾಕಿಕೊಂಡೆ. ಅವಳದು ಹತ್ತಿದ ಮೇಲೆ ಉಳಿದವರದೂ ಹತ್ತಿತು. ಹೆಂಗಸರು ಮುಂದೆ ಮಾತಾಡಿಕೊಂಡು ನಡೆದರು, ನಾನು ಹಿಂದೆ ಹಸಿರು ಗುಡ್ಡ ಎಳೆದುಕೊಂಡು ಹೋದೆ. ಹುಕ್ಕು ಒಂದಿಷ್ಟೂ ಅಲುಗಲಿಲ್ಲ. ದಾರಿಯಲ್ಲಿ ಆಡುಗಳು ಓಡಿ ಬಂದು ಟ್ರೇಲರಿಗೆ ಮುಂಗಾಲು ಕೊಟ್ಟು ನಿಂತವು. ಎಂಥ ಸ್ವಾಗತ ಅಂತೀರಿ! ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದರೂ ನನ್ನನ್ನು ಕಂಡು ಹಾಗೆ ಓಡಿ ಬಂದವರಿರಲಿಲ್ಲ.

ಹೊರೆ ಇಳಿಸಿ ಹೊರಟವನನ್ನು ಚಿನ್ನಕ್ಕ ತಡೆದಳು. "ಸೊಪ್ಪು ತಂದ ಗಾಡಿನ ಖಾಲಿ ಕಳ್ಸಬಾರ್ದು ಕಣಪ್ಪ. ತಡಿ." ಮನೆಮನೆಯಿಂದ ಮಂಕರಿಗಳು ಬಂದವು. ಬೇಡ ಎನ್ನುವಷ್ಟರಲ್ಲಿ ಟ್ರೇಲರ್ ಅಂಚಿನವರೆಗೂ ತುಂಬಿತು, ಆಡಿನ ಹಿಕ್ಕೆಯಿಂದ.

ಸಂಜೆ ಬೀದಿಗೆ ಬಂದಾಗ ಶಾರದೆ ಬಾಗಿಲಲ್ಲೇ ನಿಂತಿದ್ದಳು. ಹತ್ತಿರ ಬಂದು ಇಣುಕಿದಳು. ಮೂಗು ಮುಚ್ಚುತ್ತಾಳೆಂದುಕೊಂಡೆ. "ಇಷ್ಟು ಒಳ್ಳೆ ಗೊಬ್ಬರ ಎಲ್ ಸಿಕ್ತುರೀ?" ಎಂದವಳೇ ಒಳಗೋಡಿ ಬಕೆಟ್ಟು ತಂದಳು. ಅವಳ ಹಿಂದೆಯೇ ಎದುರುಮನೆಯವರು, ಅವರ ಹಿಂದೆ ತಾರಸಿಯಲ್ಲಿ ಗುಲಾಬಿ ಕುಂಡವಿರುವ ಇಡೀ ಬೀದಿ, ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಸಾಲುಗಟ್ಟಿತು. ದೀಪ ಹಚ್ಚುವ ಹೊತ್ತಿಗೆ ಟ್ರೇಲರ್ ಖಾಲಿ. "ಇದು ಇಲ್ಲೇ ಇರ್ಲಿ, ನಾನು ರಂಗೋಲಿ ತಾರಸಿ ಮೇಲೆ ಹಾಕ್ಕೊತೀನಿ" ಎಂದಳು ಶಾರದೆ. ನನಗಾದ ಸಂತೋಷಕ್ಕೆ ಅಂದು ಎರಡು ಮುದ್ದೆ ಹೆಚ್ಚಾಗಿ ಉಂಡೆ.

ಪಿಕಪ್ಪಿನ ಎರಡೂ ಮಗ್ಗುಲಿಗೆ 'ಮರಗಳ ಆರೈಕೆ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಬೀದಿಯವರು ಅದನ್ನು ಓದಿದಂತೆ ಕಾಣುವುದಿಲ್ಲ, ಮುಂದಿನ ಲೋಡು ಯಾವಾಗ ಎಂದಷ್ಟೇ ಕೇಳುತ್ತಾರೆ. ಅವರನ್ನು ಅಂದು ಪ್ರಯೋಜನವಿಲ್ಲ. ಈಗ ಯಾರಾದರೂ ಮರ ತೋರಿಸಲು ಕರೆದುಕೊಂಡು ಹೋದರೆ ಮುನಿರಾಜಣ್ಣ ಕೊಂಬೆಯ ಕಡೆ ನೋಡುತ್ತಾನೆ, ಮನೆಯವರು ಹುಳುವಿನ ಬಗ್ಗೆ ಹೇಳುತ್ತಿರುತ್ತಾರೆ, ನಾನು ಗಂಭೀರವಾಗಿ ತಲೆಯಾಡಿಸಿ, "ಅದೆಲ್ಲ ಸರಿಮಾಡೋಣ. ಇಲ್ಲಿ ಸುತ್ತಮುತ್ತ ಆಡು ಎಷ್ಟಿವೆ?" ಎಂದು ಕೇಳುತ್ತೇನೆ.