ಒಂದನೇ ನಂಬರಿನ ಪ್ರೊಸ್ತ್

“ನೀನು ಬಾಯಿ ಮುಚ್ಕೊಂಡು ನಿಂತ್ಕೋ ರಾಂಗೆಲ್. ನೀನು ಪ್ರೊಸ್ತ್.”

ಪ್ಲೊವ್‌ದಿವ್ ಊರಿನ ಆ ಕಟ್ಟಡದ ಅಷ್ಟೂ ಮನೆಯವರು ಕೆಟ್ಟು ನಿಂತ ಲಿಫ್ಟಿನ ಮುಂದೆ ಸಭೆ ಸೇರಿದ್ದರು. ಕೆಟ್ಟಿರುವುದು ಮೋಟಾರಲ್ಲ, ಪ್ರೋಗ್ರಾಂ ಇರಬಹುದು ಎಂದಷ್ಟೇ ರಾಂಗೆಲ್ ಹೇಳಿದ್ದ. ಟೈರ್ ಅಂಗಡಿಯವನ ಬಾಯಲ್ಲಿ ಅಂಥ ಮಾತು ಬಂದದ್ದೇ ತಪ್ಪಾಯಿತು. ನಿವೃತ್ತ ಗಣಿತದ ಮೇಷ್ಟ್ರಮ್ಮ, ಕಟ್ಟಡದ ಅಧ್ಯಕ್ಷೆ ವಿಯೊಲೆತಾ ಟೀಚರ್ ಅವನನ್ನು ಅಲ್ಲೇ ತಡೆದರು. ಎಲ್ಲರೂ ನಕ್ಕರು.

ಪ್ರೊಸ್ತ್ ಎಂದರೆ ದಡ್ಡ, ಒರಟ, ಓದಿಲ್ಲದವ ಮೂರನ್ನೂ ಸೇರಿಸಿ ಕುಟ್ಟಿದ ಬೈಗುಳ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅದು ನೇರ ಎದೆಗೇ ನಾಟುತ್ತದೆ. ಆದರೆ ಆ ಊರಿನ ಭಾಷೆಯ ಗಣಿತದ ಪುಸ್ತಕಗಳಲ್ಲಿ ಅವಿಭಾಜ್ಯ ಸಂಖ್ಯೆಯ ಹೆಸರೂ ಪ್ರೊಸ್ತ್ ಎಂದೇ. ಕದ್ದುಮುಚ್ಚಿ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ ರಾಂಗೆಲ್‌ಗೆ ಅವತ್ತಿನ ಪಾಠವೂ ಅದೇ ಆಗಿತ್ತು: ಸಂಖ್ಯೆ ಕೊಟ್ಟರೆ ಪ್ರೊಸ್ತೋ ಅಲ್ಲವೋ ಹೇಳಬೇಕು. ಸಂಜೆಯೊಳಗೆ ಬರೆದು, ಇದೇ ಜನರ ಎದುರು ಟೀಚರ್ ಬಾಯಿಂದಲೇ ಆ ಮಾತನ್ನು ವಾಪಸ್ ತೆಗೆಸುತ್ತೇನೆ ಎಂದು ಹಲ್ಲು ಕಚ್ಚಿದ.

ಬರೆದೂ ಬರೆದ. ಎರಡರಿಂದ ಶುರುಮಾಡಿ, ಆ ಸಂಖ್ಯೆ ಬರುವವರೆಗೆ ಒಂದೊಂದರಿಂದಲೂ ಭಾಗಿಸು. ಯಾವುದರಿಂದಲೂ ಭಾಗವಾಗದಿದ್ದರೆ ಪ್ರೊಸ್ತ್. ಕಂಪ್ಯೂಟರು ಏಳಕ್ಕೆ ‘ಪ್ರೊಸ್ತ್’, ಎಂಟಕ್ಕೆ ‘ಅಲ್ಲ’ ಎಂದಾಗ ಅವನ ಎದೆ ಗಾಳಿ ಹೆಚ್ಚಾದ ಲಾರಿ ಟ್ಯೂಬಿನಂತೆ ಉಬ್ಬಿತು.

ಸಂಜೆ ಬಾಗಿಲ ಮುಂದಿನ ಬೆಂಚಿನಲ್ಲಿ ಎಲ್ಲರೂ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಾಗ ಕಂಪ್ಯೂಟರ್ ತಂದಿಟ್ಟು, ನಿಮ್ಮ ನಿಮ್ಮ ಮನೆ ನಂಬರ್ ಹೇಳಿ ಎಂದ. ಟ್ಯಾಕ್ಸಿ ಓಡಿಸುವ ಸ್ಟಾಮೆನ್ ಹದಿನೇಳು ಎಂದ. ‘ಪ್ರೊಸ್ತ್’ ಎಂದು ಬಂತು.

“ಯಾರನ್ನೋ ಪ್ರೊಸ್ತ್ ಅಂತಿದೀಯ?”

“ನಾನಲ್ಲ ಸ್ಟಾಮೆನಣ್ಣ, ಗಣಿತ ಅಂತಿರೋದು.”

ಹನ್ನೆರಡನೇ ಮನೆಯವಳು ‘ಅಲ್ಲ’ ಬಂದ ಖುಷಿಗೆ ಮೆಟ್ಟಿಲು ಮೆಟ್ಟಿಲಲ್ಲೂ ಸಾರಿಕೊಂಡು ಬಂದಳು. ಹದಿಮೂರನೆಯವಳು ಗಂಡನನ್ನೇ ಜಗಳಕ್ಕೆ ಕರೆತಂದಳು. ಗಲಾಟೆಗೆ ಟೀಚರೂ ಇಳಿದು ಬಂದರು. ಅವರ ಮನೆ ಇಪ್ಪತ್ತೊಂದು. ರಾಂಗೆಲ್ ಆಸೆಯಿಂದ ಒತ್ತಿದ. ‘ಅಲ್ಲ.’ ಏಳು ಮೂರಲೆ ಇಪ್ಪತ್ತೊಂದು ಎಂಬುದು ಪಾಪ, ಆಗ ಹೊಳೆಯಿತು.

ಆದರೆ ಟೀಚರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಿದ್ದರು. “ಇದನ್ನ ನೀನೇ ಬರೆದಿದ್ದಾ?”

“ಒಂದೊಂದು ಸಾಲೂ ನಾನೇ ಟೀಚರ್.”

“ಹಾಗಾದ್ರೆ ಬೆಳಗ್ಗೆ ನಾನಂದ ಮಾತು…”

“ಸ್ವಲ್ಪ ತಾಳಿ,” ಎಂದ ಸ್ಟಾಮೆನ್. “ಮೊದ್ಲು ಇವನ ಮನೆ ನಂಬರ್ ಹಾಕ್ಲಿ.”

ರಾಂಗೆಲ್‌ನದು ನೆಲಮಹಡಿ, ಒಂದನೇ ನಂಬರು. ಹೆಮ್ಮೆಯಿಂದಲೇ ಒತ್ತಿದ. ಎರಡರಿಂದ ಹೊರಟ ಪ್ರೋಗ್ರಾಂಗೆ ಒಂದನ್ನು ಭಾಗಿಸಲು ಏನೂ ಸಿಗಲಿಲ್ಲ. ‘ಪ್ರೊಸ್ತ್’ ಎಂದುಬಿಟ್ಟಿತು. ಬೆಂಚೇ ಅಲುಗುವಂತೆ ಜನ ನಕ್ಕರು.

“ನಗಬೇಡಿ,” ಎಂದು ಟೀಚರ್ ಗದರಿದರು. “ಒಂದು ಪ್ರೊಸ್ತ್ ಅಲ್ಲ. ಅದು ಹೇಳ್ತಿರೋದೇ ತಪ್ಪು.”

ರಾಂಗೆಲ್‌ಗೆ ಹೋದ ಜೀವ ಬಂದಂತಾಯಿತು. ಸ್ಟಾಮೆನ್ ಸಿಪ್ಪೆ ಉಗುಳಿ ಯೋಚಿಸಿದ.

“ಅಂದ್ರೆ, ಅದು ಹೇಳಿದ್ದು ಸರಿಯಾಗಿದ್ರೆ ಇವನು ಪ್ರೊಸ್ತ್. ತಪ್ಪಾಗಿದ್ರೆ ಅದನ್ನ ಬರೆದವನು ಪ್ರೊಸ್ತ್. ಎರಡರಲ್ಲಿ ಯಾವುದಪ್ಪಾ ರಾಂಗೆಲ್, ನೀನೇ ಹೇಳು.”

ಟೀಚರ್ ಕೂಡ ಉತ್ತರಕ್ಕಾಗಿ ಅವನ ಮುಖ ನೋಡಿದರು. ರಾಂಗೆಲ್ ಕಂಪ್ಯೂಟರ್ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಉಬ್ಬಿದ ಎದೆಯನ್ನು ಇಳಿಸದೆ ಒಂದನೇ ನಂಬರಿನ ಬಾಗಿಲ ಕಡೆ ನಡೆದುಹೋದ.