ಗೋವಾಕ್ಕೆ ಹೋದ ಮಷಿನ್ನು

ಎಲ್ಲ ಸುರುವಾದದ್ದು ಒಂದು ಪೆಂಡಾಲಿನಿಂದ. ಸಾಗರ ತಂತ್ರಜ್ಞಾನ ವೃತ್ತಿಪರರ ಸಂಘದ ಸಿರಸಂಗಿ ಘಟಕದ ಕಾರ್ಯಕ್ರಮವನ್ನು ಕಾರ್ಯದರ್ಶಿ ಬಾಳೇಶ ಮಲಪ್ರಭೆಯ ಹಿನ್ನೀರಿನ ದಂಡೆಗೆ ಗೊತ್ತುಮಾಡಿದ್ದ. ಮುಂಜಾನೆ ಬಂದು ನೋಡಿದರೆ ಅಧ್ಯಕ್ಷ ಶಟ್ಟೆಪ್ಪನವರು ತಮ್ಮ ಹೊಲದ ಬಾವಿಯ ಪಕ್ಕದಲ್ಲೇ ಪೆಂಡಾಲು ಹಾಕಿಸಿ ಕುಳಿತಿದ್ದರು.

“ಅಷ್ಟ ದೂರ ಊಟಾ ಹೊತಗೊಂಡ ಯಾಂವ ಹೋಗ್ತಾನೋ? ನೀರ ಅಂದ್ರ ನೀರ. ನಮ್ಮ ಬಾವ್ಯಾಗೂ ಅದ ಐತಿ,” ಎಂದರು.

ಬಾಳೇಶ ಬಾವಿಯತ್ತ ನೋಡಿದ. ಆ ಬಾವಿಯಲ್ಲಿ ಇದ್ದದ್ದು ಬರೀ ನೀರಲ್ಲ.

ಸಂಘದ ಚರಿತ್ರೆ ದೊಡ್ಡದೇನಲ್ಲ. ಬಾಳೇಶ ಗೋವಾದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುತ್ತಿದ್ದ. ಗೆಳೆಯ ಹುಸೇನಪೀರ ಅಲ್ಲೇ ವೆಲ್ಡರ್. ಇಬ್ಬರೂ ಊರಿಗೆ ಮರಳಿದರೂ ಸಮುದ್ರ ಮಾತ್ರ ಅವರ ಬಾಯಿ ಬಿಟ್ಟು ಹೋಗಲಿಲ್ಲ. ಅಲ್ಲಿ ಕಾಲು ತೊಳೆಯಲಷ್ಟೇ ನೀರಿಗಿಳಿದಿದ್ದ ಬಾಳೇಶ ಇಲ್ಲಿ ಅರಬ್ಬಿ ಸಮುದ್ರವನ್ನೇ ಈಜಿದವನಾದ. ಕೇಳಿ ಕೇಳಿ ಸಾಕಾದ ಊರವರು, “ಒಂದ್ ಸಂಘಾನರ ಮಾಡ್ಕೋರಪ್ಪಾ, ಒಳಗ ಕುಂತ ಮಾತಾಡ್ರಿ,” ಎಂದರು. ಇಬ್ಬರೂ ಮುಂಬೈಯ ದೊಡ್ಡ ಸಂಘಕ್ಕೆ ಬರೆದು ಊರಲ್ಲಿ ಅದರ ಘಟಕ ತೆರೆದರು. ಕೋಣೆ ಕೊಟ್ಟ ಶಟ್ಟೆಪ್ಪನವರು ಸಮುದ್ರ ಕಾಣದೆಯೇ ಅಧ್ಯಕ್ಷರಾದರು. ಬಾಳೇಶ ಧ್ಯೇಯವಾಕ್ಯ ಬರೆಸಿದ: ‘ನೀರಿನ ತಳ ಸೇರಿದ್ದನ್ನು ಮೇಲೆ ತರುವುದೇ ನಮ್ಮ ಗುರಿ.’

ಅದನ್ನು ಮೆಚ್ಚಿ ಮುಂಬೈಯ ಮುಖ್ಯ ಕಚೇರಿ ನೀರಿನೊಳಗೆ ನೋಡುವ ಕ್ಯಾಮೆರಾ ಮಷಿನ್ನೊಂದನ್ನು ಕಳಿಸಿತು. ಹೋದ ವರ್ಷ ಶಟ್ಟೆಪ್ಪನವರು ಮನೆಮಂದಿಯೊಂದಿಗೆ ಮದುವೆಗೆ ಹೋದಾಗ ಬಾಳೇಶ ಪರೀಕ್ಷೆಗೆಂದು ಕದ್ದುಮುಚ್ಚಿ ಅದನ್ನು ಇದೇ ಬಾವಿಗಿಳಿಸಿದ್ದ. ಹೊಸ ನೀಲಿ ನೈಲಾನ್ ಹಗ್ಗ; ಎಣ್ಣೆ ಸವರಿದಂತೆ ಜಾರುವಂಥದ್ದು. ಗಂಟು ಬಿಚ್ಚಿ ಮಷಿನ್ನು ಗುಳುಂ ಎಂದಿತು. ಬಾಳೇಶ ಹಗ್ಗ ಅಲ್ಲೇ ಎಸೆದು ಓಡಿದ. ಮುಂಬೈಗೆ, “ಗೋವಾಕ್ಕ ರಿಪೇರಿಗೆ ಕಳಿಸೇವ್ರಿ,” ಎಂದು ಫೋನು ಮಾಡಿದ.

ಈಗ ಮುಂಬೈ ಕಚೇರಿಯಿಂದ ಮೀನಾ ಮೇಡಂ ಹೊಸ ಮಷಿನ್ನು ತಂದಿದ್ದರು; ಅದನ್ನು ನೀರಿಗಿಳಿಸಿ ತೋರಿಸುವುದೇ ಇವತ್ತಿನ ಕಾರ್ಯಕ್ರಮ. ಹುಟ್ಟೂರು ಧಾರವಾಡವಾದ್ದರಿಂದ ಅವರ ಮುಂದೆ ಇಲ್ಲಿಯ ಸುಳ್ಳು ನಡೆಯುವುದು ಕಷ್ಟವಿತ್ತು. ಹಳೆಯದು ಕಂಡರೆ ಘಟಕ ಬಂದ್ ಆಗುತ್ತಿತ್ತು, ಬಾಳೇಶನ ಪದವಿ ಹೋಗುತ್ತಿತ್ತು. ಆ ಪದವಿ ಬಂದ ಮೇಲೆಯೇ ಮಾವನ ಮನೆಯಲ್ಲಿ ಅವನಿಗೆ ಕುರ್ಚಿ ಹಾಕುತ್ತಿದ್ದರು.

ಅಷ್ಟರಲ್ಲಿ ಶಟ್ಟೆಪ್ಪನವರ ಹೆಂಡತಿ ಇಂದ್ರವ್ವ ಆರತಿ ತಟ್ಟೆ ತಂದರು. ಹೊಸ ಟ್ರ್ಯಾಕ್ಟರಿರಲಿ, ಹಿಟ್ಟಿನ ಗಿರಣಿಯಿರಲಿ, ಪೂಜೆಯಿಲ್ಲದೆ ಇಲ್ಲಿ ಯಾವ ಮಷಿನ್ನೂ ಸುರುವಾಗುವುದಿಲ್ಲ. ಬಾಳೇಶನ ತಲೆಯಲ್ಲಿ ದೀಪ ಹತ್ತಿತು.

“ಅವ್ವಾರ, ಕುಂಕುಮ ಎಣ್ಯಾಗ ಕಲಸಿ ಹಚ್ರಿ. ಕಣ್ಣಿಗಿ ಜರಾ ಜಾಸ್ತಿ ಹಚ್ರಿ, ದೃಷ್ಟಿ ತಾಗಬಾರದು!”

ಇಂದ್ರವ್ವ ಕ್ಯಾಮೆರಾದ ಕಣ್ಣಿಗೆ ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಕುಂಕುಮ ಮೆತ್ತಿದರು. ಮಷಿನ್ನು ತನ್ನ ವಾಯರು ಎಳೆದುಕೊಂಡು ಬಾವಿಗಿಳಿಯಿತು. ಪೆಂಡಾಲಿನಲ್ಲಿಟ್ಟ ಪರದೆಯ ತುಂಬ ಬರೀ ಕೆಂಪು.

“ಛೇ, ಏನೂ ಕಾಣವಲ್ದರಿ ಮೇಡಂ. ಮಣ್ಣ ಬಾಳ ಐತಿ. ನಡೀರಿ, ಊಟಾ ಆರತೈತಿ,” ಎಂದ ಬಾಳೇಶ. ಅವನಿಗೆ ಮುಂಜಾನೆಯಿಂದ ಮೊದಲ ಸಲ ಹಸಿವಾಗಿತ್ತು.

“ನಿಂದರ್ರಿ. ಹಳೇ ಮಷಿನ್ನಿಗೆ ಇರಲಿಲ್ಲ, ಇದಕ್ಕ ಕಣ್ಣ ಒರಸೋ ಬ್ರಶ್ ಐತಿ,” ಎಂದು ಮೀನಾ ಗುಂಡಿ ಒತ್ತಿದರು.

ಬ್ರಶ್ಶು ಎರಡು ಸಲ ಆಡಿತು. ಕೆಂಪು ಸರಿಯಿತು. ತಳದ ಕೆಸರಿನಲ್ಲಿ ಹಳೆಯ ಮಷಿನ್ನು, ಹಣೆಯ ಮೇಲೆ ಮುಂಬೈ ಕಚೇರಿಯ ಹೆಸರು ಹೊತ್ತು ತಣ್ಣಗೆ ಕುಳಿತಿತ್ತು.

“ಸೆಕ್ರೆಟರಿ ಸಾಹೇಬ್ರ,” ಎಂದರು ಮೀನಾ, “ಗೋವಾ ಇಷ್ಟ ಸಮೀಪ ಐತಿ ಅಂತ ನನಗ ಗೊತ್ತ ಇರಲಿಲ್ಲ.”

ಮೀನಾ ಧ್ಯೇಯವಾಕ್ಯದ ಬೋರ್ಡನ್ನು ಓದಿ ನಕ್ಕರು. “ಹೋಗ್ಲಿ. ಮಷಿನ್ ಹುಡುಕೂದಂತೂ ಹುಡುಕಿತು. ಬೋರ್ಡಿನ್ಯಾಗ ಬರದಂಗ ಅದನ್ನ ಮ್ಯಾಲ ತಂದ್ರ ಘಟಕಾನೂ ಉಳೀತೈತಿ, ನಿಮ್ಮ ಪದವೀನೂ ಉಳೀತೈತಿ.”

ಬಾಳೇಶ ಆಸೆಯಿಂದ ಹುಸೇನಪೀರನತ್ತ ತಿರುಗಿದ.

“ನಾ ವೆಲ್ಡರ್ ಅದೇನಪಾ, ಬೆಂಕಿ ಮನಷ್ಯಾ,” ಎಂದು ಅವನು ಹಿಂದೆ ಸರಿದ. “ನೀರಿನ ಖಾತೆ ನಿಂದು.”

“ನನಗ ಈಜ...”

“ಅರಬ್ಬಿ ಸಮುದ್ರ ಈಜಿದಾಂವಗ ಬಾವಿ ಯಾವ ಲೆಕ್ಕ!” ಎಂದು ಶಟ್ಟೆಪ್ಪನವರು ಅಭಿಮಾನದಿಂದ ಅವನ ಅಂಗಿ ಬಿಚ್ಚಿಸಿ, ಸೊಂಟಕ್ಕೆ ಹಗ್ಗ ಸುತ್ತತೊಡಗಿದರು.

“ಗಂಟ ಬಿಗಿ ಹಾಕ್ರಿ ಯಜಮಾನ್ರ,” ಎಂದ ಬಾಳೇಶ.

“ಅಂಜಬ್ಯಾಡೋ. ಹಗ್ಗ ಹೊಸಾದ ಐತಿ. ಹೋದ ವರ್ಷ ನಾವು ಮದಿವಿಗಿ ಹೋದಾಗ ಯಾರೋ ಬಾವಿ ಕಟ್ಟಿ ಮ್ಯಾಲ ಬಿಟ್ಟ ಹೋಗಿದ್ರು.”

ಬಾಳೇಶ ಬಗ್ಗಿ ತನ್ನ ಸೊಂಟ ನೋಡಿಕೊಂಡ. ಹಗ್ಗ ನೀಲಿಯಾಗಿತ್ತು.