ಪಕ್ಕದ ಮನೆಯ ಡಬ್ಬಿ ಮಾರಲು ಹೋಗಿ

ಮೂವತ್ತೈದು ವರ್ಷ ಸಂಸಾರ ಮಾಡಿದ ಮೇಲೂ ನನಗೆ ಅರ್ಥವಾಗದ ಒಂದು ಕಾಯಿದೆ ನಮ್ಮ ಅಡಿಗೆಮನೆಯಲ್ಲಿದೆ. ಪಕ್ಕದ ಮನೆಯಿಂದ ಡಬ್ಬಿಯಲ್ಲಿ ತಿನಿಸು ಬಂದರೆ ಆ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು. ಇಷ್ಟೇ ಆಗಿದ್ದರೆ ನಾನೂ ತಲೆಯಾಡಿಸಿ ಸುಮ್ಮನಿರುತ್ತಿದ್ದೆ. ಆದರೆ ತುಂಬಿ ಕೊಡುವುದು ಬಂದದ್ದಕ್ಕಿಂತ ಕಡಿಮೆಯದಾಗಬಾರದು, ಅದೇ ತಿನಿಸೂ ಆಗಬಾರದು, ಅಂಗಡಿಯಿಂದ ತಂದದ್ದಂತೂ ಕೂಡದೇ ಕೂಡದು. ಹೀಗಾಗಿ ಬಂದ ಡಬ್ಬಿ ಯೋಗ್ಯ ತಿನಿಸಿನ ದಾರಿ ಕಾಯುತ್ತ ನಮ್ಮ ಅಟ್ಟದ ಮೇಲೆ ಕೂರುತ್ತದೆ. ನಮ್ಮ ಡಬ್ಬಿಗಳು ಇದೇ ರೀತಿ ನಮ್ಮೂರು ಅಂಬೇವಾಡಿಯ ಹಲವು ಅಟ್ಟಗಳ ಮೇಲೆ ಕೂತಿವೆ. ಪಾಳಾದಲ್ಲಿರುವ ನಾದಿನಿಯ ಮನೆಗೆ ಹೋದ ಒಂದು ಡಬ್ಬಿ, ಆಕೆಯ ತೊಟ್ಟಿಲ ಕೂಸು ಶಾಲೆಗೆ ಹೋಗುವಷ್ಟಾದ ಮೇಲೆ ಹಪ್ಪಳ ತುಂಬಿಕೊಂಡು ತಿರುಗಿ ಬಂತು. ಅದಲುಬದಲಾಗದಿರಲೆಂದು ಎಲ್ಲರೂ ಪಾತ್ರೆ ಅಂಗಡಿಯಲ್ಲಿ ಡಬ್ಬಿಯ ಮೇಲೆ ಹೆಸರು ಕೊರೆಸಿರುತ್ತಾರೆ, ಅದೊಂದು ಪುಣ್ಯ.

ನಾನು ಕಾಗದದ ಮಿಲ್ಲಿನ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ನಮ್ಮದೂ ಒಂದು ಕಾಯಿದೆಯಿತ್ತು. ಎರಡು ವರ್ಷ ಯಾರೂ ಕೇಳದ ಸಾಮಾನು ಗುಜರಿಗೆ. ಎಷ್ಟು ಸರಳ, ಎಷ್ಟು ಚೆಂದ. ಮಿಲ್ಲು ಬಿಟ್ಟು ಬರುವಾಗ ನನಗೊಂದು ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ಕೆಟ್ಟು ಎಷ್ಟೋ ಕಾಲವಾಯಿತು, ಆ ಕಾಯಿದೆ ಮಾತ್ರ ತಲೆಯೊಳಗೆ ಇನ್ನೂ ನಡೆಯುತ್ತಿದೆ.

ಹೀಗಿರುವಾಗ ನಮ್ಮ ಚರ್ಚಿಗೆ ಹೊಸದಾಗಿ ಬಂದ ಪಾಸ್ಟರು ಒಂದು ರವಿವಾರ ಆರಾಧನೆ ಮುಗಿದ ಮೇಲೆ ‘ಗರಾಜ್ ಸೇಲ್’ ಮಾಡೋಣ ಎಂದರು. ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಮಿಶನ್ ಸೇವೆ ಮಾಡುತ್ತಿರುವ ಗಂಡಹೆಂಡತಿಗೆ ಓಡಾಡಲು ಒಂದು ಹಳೆಯ ಜೀಪು ಕೊಡಿಸಬೇಕಿತ್ತು. ನಮ್ಮ ಸಭೆಯಲ್ಲಿ ಯಾರ ಮನೆಗೂ ಗರಾಜ್ ಇಲ್ಲ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಯೋಹಾನಣ್ಣ ಎದ್ದು ನಿಂತು, “ಜೀಪ್ ಕೊಳ್ಳಾಕ ಗ್ಯಾರೇಜ್ ಯಾಕ ಮಾರಬೇಕ್ರೀ?” ಎಂದು ಕೇಳಿದ. ಪಾಸ್ಟರು ತಾಳ್ಮೆಯಿಂದ, ಮನೆಯಲ್ಲಿ ಬಳಸದೆ ಬಿದ್ದಿರುವ ಸಾಮಾನನ್ನು ತಂದು ಚರ್ಚಿನ ಅಂಗಳದಲ್ಲಿ ಮಾರುವುದು, ಊರವರೆಲ್ಲ ಬಂದು ಕೊಳ್ಳಬಹುದು ಎಂದು ವಿವರಿಸಿದರು. ಬಳಸದೆ ಬಿದ್ದಿರುವ ಸಾಮಾನು ಎಂದಕೂಡಲೇ ನನ್ನ ಕಣ್ಣ ಮುಂದೆ ನಮ್ಮ ಅಟ್ಟ ಬಂತು.

ಹೆಂಡತಿ ಸುಶೀಲಾ ತಂಗಿಯನ್ನು ನೋಡಲು ಪಾಳಾಕ್ಕೆ ಹೋಗಿದ್ದಳು. ನಾನು ಏಣಿ ಹಚ್ಚಿ, ಅಟ್ಟ ಹತ್ತಿ, ಏಳು ಡಬ್ಬಿ ಇಳಿಸಿ, ಒರೆಸಿ, ಚೀಲಕ್ಕೆ ತುಂಬಿದೆ. ಕನ್ನಡಕ ಕೆಳಗೆ ಮೇಜಿನ ಮೇಲಿತ್ತು. ಹೆಸರು ಓದುವ ಗೋಜಿಗೆ ಹೋಗಲಿಲ್ಲ. ಎರಡು ವರ್ಷ ಯಾರೂ ಕೇಳಿಲ್ಲ ಎಂಬುದಷ್ಟೇ ನನಗೆ ಸಾಕಿತ್ತು. ಸ್ಟೋರಿನ ಅನುಭವವಿದೆಯೆಂದು ಪಾಸ್ಟರು ಸ್ಟೀಲ್ ಸಾಮಾನಿನ ಮೇಜನ್ನು ನನಗೇ ವಹಿಸಿದರು. ಎಲ್ಲಕ್ಕಿಂತ ದೊಡ್ಡದಾಗಿ, ಫಳಫಳ ಹೊಳೆಯುತ್ತಿದ್ದ ಡಬ್ಬಿಯನ್ನು ನಾನು ಮುಂದುಗಡೆಯೇ ಇಟ್ಟೆ.

ಮಾರಾಟ ಸುರುವಾಯಿತು, ನನ್ನ ಗೊಂದಲವೂ ಸುರುವಾಯಿತು. ನನ್ನಂತೆಯೇ ಉಳಿದವರೂ ಡಬ್ಬಿಗಳನ್ನೇ ತಂದಿದ್ದರು. ಡಬ್ಬಿ ತಂದವರೇ ಮತ್ತೆ ಡಬ್ಬಿ ಕೊಳ್ಳಲು ಮುಗಿಬಿದ್ದರು. ಯೋಹಾನಣ್ಣ ನಾಲ್ಕು ಡಬ್ಬಿ ತಂದು ಇಟ್ಟವನು, ಮೇಜಿನ ಮೇಲಿನ ಇನ್ನೊಂದನ್ನು ಎತ್ತಿ, ತಿರುಗಿಸಿ ನೋಡಿ, ಆಚೀಚೆ ನೋಡಿ, ಬೆಲೆ ಕೇಳದೆ ದುಡ್ಡು ಇಟ್ಟು, ಟವೆಲ್ಲಿನಲ್ಲಿ ಮುಚ್ಚಿಕೊಂಡು ಹೊರಟೇಹೋದ. ಅವನ ಹಿಂದಿದ್ದವರೂ ಹಾಗೆಯೇ ಮಾಡಿದರು. ದುಡ್ಡು ಕೊಟ್ಟು ಕೊಂಡದ್ದನ್ನು ಇವರೆಲ್ಲ ಕದ್ದವರಂತೆ ಯಾಕೆ ಒಯ್ಯುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಕಡೆಗೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಉಳಿದ ಡಬ್ಬಿಗಳನ್ನು ಓದಿದೆ. ಎಲ್ಲರೂ ತಂದದ್ದು ಬೇರೆಯವರ ಡಬ್ಬಿ. ಎಲ್ಲರೂ ಕೊಳ್ಳುತ್ತಿದ್ದುದು ತಮ್ಮ ತಮ್ಮ ಡಬ್ಬಿ. ‘ನನ್ನ ಡಬ್ಬಿಯನ್ನು ನೀನು ಯಾಕೆ ಮಾರಲು ತಂದೆ?’ ಎಂದು ಯಾರೂ ಯಾರನ್ನೂ ಕೇಳುವಂತಿರಲಿಲ್ಲ, ಯಾಕೆಂದರೆ ಕೇಳುವವನೂ ಅದನ್ನೇ ಮಾಡಿದ್ದ. ಇದೊಂದೂ ಗೊತ್ತಿಲ್ಲದ ಪಾಸ್ಟರು, “ನಮ್ಮ ಸಭೆಯವರಿಗೆ ಮಿಶನ್ ಅಂದರೆ ಎಷ್ಟು ಪ್ರೀತಿ ನೋಡಿ” ಎಂದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಸುಶೀಲಾ ಹಳಿಯಾಳದ ಬಸ್ಸಿಳಿದು, ಕೈಯಲ್ಲಿ ಚೀಲ ಹಿಡಿದು ನೇರ ಚರ್ಚಿಗೇ ಬಂದಳು. ಮೇಜು ನೋಡಿದಳು, ನನ್ನನ್ನು ನೋಡಿದಳು.

“ಅಟ್ಟದ ಮ್ಯಾಲಿನ ಡಬ್ಬಿ ತಂದೀರೇನು?”

“ಎಲ್ಲಾ ತಂದೇನಿ. ಅಟ್ಟ ಹೆಂಗ ಸ್ವಚ್ಛ ಆಗೇತಿ, ಮನಿಗೆ ಹೋಗಿ ನೋಡು.”

“ರತ್ನಕ್ಕನ ಡಬ್ಬೀನೂ?”

ಸುಶೀಲಾಳ ಈ ರತ್ನಕ್ಕ, ಅಂದರೆ ರತ್ನವ್ವ, ನಮ್ಮ ಗೋಡೆಗೆ ಹೊಂದಿದ ಮನೆಯವರು. ಧಾರವಾಡದ ಕಡೆಯವರು, ಅವರ ಯಜಮಾನರೂ ನಮ್ಮ ಮಿಲ್ಲಿನವರೇ. ನನ್ನ ಹೆಂಡತಿಗೂ ಅವರಿಗೂ ಅಕ್ಕತಂಗಿಯರಷ್ಟು ಬಳಕೆ. ಎರಡು ವರ್ಷದಿಂದ ಯಾಕೋ ಅವರು ಮಾತು ಬಿಟ್ಟಿದ್ದರು. ಹೆಂಗಸರ ವಿಷಯ, ನಮಗ್ಯಾಕೆ ಎಂದು ನಾನು ದೊಡ್ಡ ಮನುಷ್ಯನಂತೆ ದೂರ ಉಳಿದಿದ್ದೆ.

“ನಾ ಏನ ತಪ್ಪ ಮಾಡೇನಿ ಅಂತ ಇವತ್ತಿಗೂ ನನಗ ಗೊತ್ತಿಲ್ಲ,” ಎಂದಳು ಸುಶೀಲಾ. “ಡಬ್ಬಿ ತುಂಬಿ ಕೊಡೂ ನೆವದಿಂದರ ಅವರ ಬಾಗಲಾ ಬಡೀಬೇಕಂತಿದ್ದೆ. ಹ್ವಾದ ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಒಡದು ಹೋದುವು, ಅದರ ಹಿಂದಿನ ಸಲ ಕೇಕ್ ಹೊತ್ತಿತು. ಈ ಸಲರ ಚೊಲೋ ಮಾಡಿ ಒಯ್ಯೂಣು ಅನ್ಕೊಂಡಿದ್ದೆ. ಅದೊಂದ ಉಳದಿತ್ತು ನನ್ನ ಕಡೆ. ಅದನ್ನೂ ಮಾರಾಕ ಇಟ್ರಿ.”

ನನಗೆ ನಿಜಕ್ಕೂ ಕೆಡುಕೆನಿಸಿತು. ಹೊಳೆಯುವ ಆ ದೊಡ್ಡ ಡಬ್ಬಿಯನ್ನು ಎತ್ತಿ ಬಚ್ಚಿಡೋಣವೆಂದು ಕೈ ಚಾಚಿದರೆ, ಅದಾಗಲೇ ಇನ್ನೊಬ್ಬರ ಕೈಯಲ್ಲಿತ್ತು. ಊರವರೆಲ್ಲ ಬರಬಹುದು ಎಂದಿದ್ದರಲ್ಲ, ರತ್ನವ್ವನೂ ಬಂದಿದ್ದರು. ತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತ ನಿಂತಿದ್ದರು.

“ಇದಕ್ಕ ಎಷ್ಟ್ರೀ, ಅಣ್ಣಾರ?”

“ಹಂಗ ಒಯ್ರಿ ವೈನಿ, ಅದು ನಿಮ್ದ ಐತಿ.”

“ನಂದಂತ ಗೊತ್ತಿದ್ದೂ ಮಾರಾಕ ಇಟ್ಟೀರಿ?”

“ಎರಡ ವರ್ಷ ಯಾರೂ ಕೇಳಿರಲಿಲ್ರಿ,” ಎಂದುಬಿಟ್ಟೆ.

“ಹೆಂಗ ಕೇಳಬೇಕ್ರೀ? ಇದರಾಗ ಶೇಂಗಾ ಹೋಳಗಿ ಕಳಿಸಿದ ದಿವಸ ನಿಮ್ಮ ಅಂಗಳಕ್ಕ ಫರಸಿ ಕಲ್ಲು ಹಾಸಾಕ ಗೌಂಡಿ ಬಂದಿದ್ದ. ಒಂದ ಹೋಳಗಿ ಕಡದು ಅವಗ ಏನಂದ್ರಿ? ಫರಸಿ ಕಡಿಮಿ ಬಿದ್ರ ಇವನ್ನ ಹಾಕು ಅಂದ್ರಿ. ನಾ ಗ್ವಾಡಿ ಈ ಕಡೆ ಅರಬಿ ಒಣಹಾಕಾಕತ್ತಿದ್ದೆ.”

ಅಂದಿದ್ದೆ. ಈಗ ನೆನಪಾಯಿತು. ಗೌಂಡಿ ನಕ್ಕಿದ್ದ, ನಾನು ಅವನಿಗಿಂತ ಹೆಚ್ಚು ನಕ್ಕಿದ್ದೆ. ಆಮೇಲೆ ಎರಡು ವರ್ಷ ಸುಶೀಲಾ ನಿದ್ದೆಗೆಟ್ಟು ತನ್ನ ತಪ್ಪು ಹುಡುಕುತ್ತಿದ್ದಾಗ, ನಾನು ಅದೇ ಫರಸಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಭೂಮಿ ಬಾಯಿ ಬಿಡಲೆಂದರೆ ಚರ್ಚಿನ ಅಂಗಳಕ್ಕೂ ಗಟ್ಟಿ ಫರಸಿಯನ್ನೇ ಹಾಸಿದ್ದರು.

“ನನಗ ಗೊತ್ತಿರಲಿಲ್ಲಕ್ಕಾ,” ಎಂದಳು ಸುಶೀಲಾ.

“ನೀ ಡಬ್ಬಿ ತಿರುಗಿ ಕೊಡಲಿಲ್ಲ. ನಿನಗೂ ಹಂಗ ಅನಿಸೇತಿ ಅನ್ಕೊಂಡೆ.”

ಇಬ್ಬರ ಕಣ್ಣೂ ತುಂಬಿದವು. ನಾವು ಬೇಡವೆಂದರೂ ಕೇಳದೆ, ರತ್ನವ್ವ ದೇವರ ಕೆಲಸಕ್ಕೆಂದು ದುಡ್ಡು ಕೊಟ್ಟೇ ತಮ್ಮ ಡಬ್ಬಿ ಕೊಂಡರು. ಇಬ್ಬರೂ ಮಾತಾಡುತ್ತ ಮನೆಯ ದಾರಿ ಹಿಡಿದರು. ಪಾಳಾದಿಂದ ಬಂದ ಚೀಲವನ್ನು ನನ್ನ ಕಾಲ ಬಳಿಯೇ ಬಿಟ್ಟು ಹೋಗಿದ್ದರು, ಸಂಜೆ ನಾನೇ ಹೊತ್ತು ತಂದೆ.

ಮುಂದಿನ ರವಿವಾರ ಆ ಡಬ್ಬಿ ತುಂಬ ಶೇಂಗಾ ಹೋಳಿಗೆ ಬಂತು. ಸುಶೀಲಾ ತಟ್ಟೆ ತಂದು ಅಂಗಳದಲ್ಲೇ ನನ್ನ ಮುಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕಚ್ಚಿದೆ. “ಹೆಂಗದಾವ?” ಎಂದಳು. ಗೋಡೆಯಾಚೆ ಅರಿವೆ ಝಾಡಿಸುವ ಸದ್ದು ನಿಂತಿತು. “ಭಾಳ ಮೆತ್ತಗದಾವ,” ಎಂದು ಹಳಿಯಾಳದವರೆಗೆ ಕೇಳುವಂತೆ ಹೇಳಿದೆ. ನಿಜವನ್ನು ನನ್ನ ದವಡೆಗೆ ಬಿಟ್ಟಿದ್ದೇನೆ. ಸುಶೀಲಾ ಇನ್ನೆರಡು ಬಡಿಸಿದಳು.

ಡಬ್ಬಿ ಈಗ ಮತ್ತೆ ನಮ್ಮ ಅಟ್ಟ ಸೇರಿದೆ. ಅದರಲ್ಲಿ ಏನು ತುಂಬಿ ಕಳಿಸಬೇಕೆಂದು ಹೆಂಡತಿ ಯೋಚಿಸುತ್ತಿದ್ದಾಳೆ. ನಮ್ಮ ಏಣಿಯನ್ನು ಮಾತ್ರ ರತ್ನವ್ವನವರ ಮನೆಯಲ್ಲಿ ಇಡಿಸಿದ್ದಾಳೆ. ಅಟ್ಟ ಹತ್ತಬೇಕಾದರೆ ನಾನು ಇನ್ನು ಅವರ ಬಾಗಿಲು ಬಡಿದು, ಯಾತಕ್ಕೆಂದು ಹೇಳಿ, ಕೇಳಿ ತರಬೇಕು.